ಇಬ್ಬರಿಗೂ ಹದಿನಾರೇ ಕಾಯಿಗಳು

2024ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಬುರ್ಗ್‌ಡಾರ್ಫ್ ಪಟ್ಟಣದ ಚದುರಂಗ ಪಂದ್ಯಾವಳಿಯಲ್ಲಿ, ಸಿಂಗಪುರದ ಪರವಾಗಿ ಆಡಿದ 8 ವರ್ಷದ ಅಶ್ವಥ್ ಕೌಶಿಕ್, ಪೋಲೆಂಡಿನ 37 ವರ್ಷದ ಗ್ರ್ಯಾಂಡ್‌ಮಾಸ್ಟರ್ ಯಾತ್ಸೆಕ್ ಸ್ಟೋಪಾ ಅವರನ್ನು ಸೋಲಿಸಿದನು. ಚದುರಂಗದ ಲೆಕ್ಕದಂತೆ, ಆಟಗಾರರಿಬ್ಬರ ನಡುವೆ 400 ರೇಟಿಂಗ್ ಅಂಕಗಳ ಅಂತರವಿದ್ದರೆ, ದುರ್ಬಲನು 11 ಆಟಗಳಲ್ಲಿ ನಿರೀಕ್ಷಿಸಬಹುದಾದದ್ದು ಸರಿಸುಮಾರು ಒಂದೇ ಅಂಕ. ಆದರೂ ಹಲಗೆಯ ಮೇಲೆ ಇಬ್ಬರಿಗೂ 16 ಕಾಯಿಗಳೇ.

ದಾವೀದ-ಗೊಲ್ಯಾತರು ನಮಗೆ ಒಡನೆಯೇ ನೆನಪಾಗುವರು. ನನಗೇಕೋ ಆ ಹೋಲಿಕೆ ಪೂರ್ತಿ ಒಪ್ಪಿಗೆಯಾಗದು. ಗೊಲ್ಯಾತನು ಎಳೆಯನನ್ನು ಕಂಡು ಹೀಯಾಳಿಸಿದನು. ಇಲ್ಲಿ ಆಟಕ್ಕೆ ಮುನ್ನವೂ ಅನಂತರವೂ ಕೈಕುಲುಕುವುದು ರೂಢಿ. ಬಾಲಕನ ಮುಂದೆ ಕುಳಿತ ಪ್ರಬಲನಿಗೆ ಗೆದ್ದರೆ ಹೊಗಳಿಕೆಯಿಲ್ಲ, ಸೋತರೆ ಲೋಕಕ್ಕೆಲ್ಲ ಸುದ್ದಿ. ಹಾಗೆಂದು ಕನಿಕರದಿಂದ ಆಟವನ್ನು ಬಿಟ್ಟುಕೊಡುವಂತಿಲ್ಲ. ಕೊಟ್ಟರೆ ಆ ಬಾಲಕನ ಗೆಲುವನ್ನೇ ಕದ್ದಂತೆ. ನಮ್ಮ ಮನೆಗಳಲ್ಲಿ ತಂದೆಯರು ಮಕ್ಕಳನ್ನು ನಗಿಸಲೆಂದು ಬೇಕೆಂದೇ ಸೋಲುವುದುಂಟು. ಮಕ್ಕಳಿಗೆ ಅದು ಬಹುಬೇಗ ತಿಳಿದುಬಿಡುತ್ತದೆ.