ಚಕ್ರವಿದ್ದೂ ನಿಂತ ಅಡುಗೆಮನೆ

ಫುಡ್ ಟ್ರಕ್ ಎಂದರೆ ಒಲೆ, ನೀರಿನ ತೊಟ್ಟಿ ಮತ್ತು ಮಾರಾಟದ ಕಿಟಕಿ ಮೂರನ್ನೂ ಒಂದೇ ಮೈಯಲ್ಲಿ ಹೊತ್ತ ವಾಹನ. ಕಳೆದ ಒಂದೂವರೆ ದಶಕದಲ್ಲಿ ಅದಕ್ಕೆ ಬಂದ ಮೆರುಗನ್ನು ಕಂಡು, ಇನ್ನು ಹೋಟೆಲಿಗೆ ಗೋಡೆಗಳೇ ಬೇಡ ಎಂದವರೂ ಇದ್ದಾರೆ, ಇದು ನಾಲ್ಕು ದಿನದ ಶೋಕಿ ಎಂದು ತಳ್ಳಿಹಾಕಿದವರೂ ಇದ್ದಾರೆ. ಇಬ್ಬರ ಕಣ್ಣೂ ಚಕ್ರದ ಮೇಲೆಯೇ ನೆಟ್ಟಿತ್ತು. ಆದರೆ ಗಾಡಿಯಲ್ಲಿ ಊಟ ಮಾರಿದವರ ಚರಿತ್ರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ, ಬಾಳಿದ ಗಾಡಿಗಳು ಬಹುಮಟ್ಟಿಗೆ ದಿನವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದು ನಿಂತವು ಎಂಬುದು ಕಾಣುತ್ತದೆ. ಅಲೆದಾಟವನ್ನು ಅವುಗಳ ಮೇಲೆ ಹೇರಿದ್ದು ಹೆಚ್ಚಾಗಿ ಕಾನೂನೇ ಹೊರತು ಗಿರಾಕಿಯಲ್ಲ.

ಈ ವಾಹನದ ವಂಶಾವಳಿ ಬರೆಯುವವರು ಸಾಮಾನ್ಯವಾಗಿ 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ಒಡೆಯ ಸೇನೆಯ ಹಳೆಯ ಬಂಡಿಯೊಂದನ್ನು ಅಡುಗೆಬಂಡಿಯಾಗಿ ಮಾರ್ಪಡಿಸಿದ್ದರಿಂದ ಆರಂಭಿಸುತ್ತಾರೆ. ಆ ಬಂಡಿ ದನ ಹೊಡೆದುಕೊಂಡು ಹೋಗುವ ಆಳುಗಳಿಗೆ ಊಟ ಬಡಿಸಿತೇ ವಿನಾ ಯಾರಿಗೂ ಏನನ್ನೂ ಮಾರಲಿಲ್ಲವಾದ್ದರಿಂದ, ಅದನ್ನು ಮೂಲಪುರುಷನ ಪೀಠದಲ್ಲಿ ಕೂರಿಸುವುದು ಅಷ್ಟು ಸರಿಯಲ್ಲ. ಆ ಪೀಠಕ್ಕೆ ನಿಜವಾದ ಹಕ್ಕುದಾರ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ವಾಲ್ಟರ್ ಸ್ಕಾಟ್. ಹದಿಹರೆಯದಲ್ಲೇ ಬುಟ್ಟಿ ಹೊತ್ತು ರಾತ್ರಿಪಾಳಿಯವರಿಗೆ ತಿಂಡಿ ಮಾರುತ್ತಿದ್ದ ಆತ 1872ರಲ್ಲಿ ಒಂದು ಕುದುರೆಗಾಡಿಯನ್ನು ಕೊಂಡು, ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆಯ ಕಚೇರಿಯ ಮುಂದೆ ನಿಲ್ಲಿಸಿ, ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಪೈ ಮತ್ತು ಕಾಫಿ ಮಾರತೊಡಗಿದ. ಊರಿನ ಹೋಟೆಲುಗಳು ಮುಸ್ಸಂಜೆ ದಾಟುತ್ತಲೇ ಬಾಗಿಲು ಹಾಕುತ್ತಿದ್ದವು, ಪತ್ರಿಕೆ ಮಾತ್ರ ನಡುರಾತ್ರಿಯಲ್ಲಿ ಅಚ್ಚಾಗುತ್ತಿತ್ತು. ಮೊಳೆ ಜೋಡಿಸುವವರಿಗೆ, ಯಂತ್ರ ನಡೆಸುವವರಿಗೆ, ವರದಿಗಾರರಿಗೆ ಆ ಹೊತ್ತಿನಲ್ಲಿ ಹಸಿವಾಗುತ್ತಿತ್ತು. ಸ್ಕಾಟ್ ಗಿರಾಕಿಗಳನ್ನು ಹುಡುಕಿಕೊಂಡು ಊರು ಸುತ್ತಲಿಲ್ಲ. ಗಿರಾಕಿಗೆ ಬೇರೆ ದಾರಿಯಿಲ್ಲದ ಒಂದು ಹೊತ್ತನ್ನೂ ಒಂದು ಮೂಲೆಯನ್ನೂ ಆರಿಸಿಕೊಂಡು ಅಲ್ಲಿಯೇ ನಿಂತ.

ಆತನನ್ನು ನೋಡಿ ಗಾಡಿ ಕಟ್ಟಿದವರು ಬಹಳ ಮಂದಿ. ನೆರೆಯ ವುಸ್ಟರ್ ಪಟ್ಟಣದಲ್ಲಿ ಇಂಥ ಬಂಡಿಗಳ ತಯಾರಿಕೆಯೇ ಒಂದು ಉದ್ಯಮವಾಯಿತು, 1906ರಲ್ಲಿ ಅಲ್ಲಿ ಅದಕ್ಕೆಂದೇ ಒಂದು ಕಂಪನಿಯೂ ಹುಟ್ಟಿತು. ಗಾಡಿಗಳು ಹೆಚ್ಚಿದಂತೆ ದೂರುಗಳೂ ಹೆಚ್ಚಿ, ಬೆಳಗಿನ ಹತ್ತರೊಳಗೆ ಬೀದಿ ಖಾಲಿ ಮಾಡಬೇಕೆಂಬ ಕಟ್ಟಳೆಗಳು ಬಂದಾಗ, ಹಗಲಿನ ವ್ಯಾಪಾರವನ್ನು ಬಿಡಲೊಪ್ಪದ ಮಾಲೀಕರು ಖಾಸಗಿ ನಿವೇಶನಗಳನ್ನು ಬಾಡಿಗೆಗೆ ಹಿಡಿದು, ಚಕ್ರ ಕಳಚಿ, ಗಾಡಿಯನ್ನು ನೆಲಕ್ಕಿಳಿಸಿದರು. ಅಮೆರಿಕದ ಚಲನಚಿತ್ರಗಳಲ್ಲಿ ಆಗಾಗ ಕಾಣುವ ಡೈನರ್, ಅಂದರೆ ರೈಲಿನ ಡಬ್ಬಿಯಂತೆ ಉದ್ದಕ್ಕಿರುವ ಅಗ್ಗದ ಹೋಟೆಲು, ಹೀಗೆ ಗಾಡಿಯಿಂದಲೇ ಇಳಿದು ಬಂದದ್ದು. ಅದೇ ಪ್ರಾವಿಡೆನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕುದುರೆಗಾಡಿಯಾಗಿ ಆರಂಭವಾದ ಹೇವನ್ ಬ್ರದರ್ಸ್ ಮಾತ್ರ ಚಕ್ರವನ್ನು ಉಳಿಸಿಕೊಂಡಿತು. ಸಂಜೆ ನಗರಸಭೆಯ ಕಟ್ಟಡದ ಮಗ್ಗುಲಿಗೆ ಬಂದು ನಿಲ್ಲುವುದು, ರಾತ್ರಿ ಕಳೆದ ಮೇಲೆ ಹೊರಡುವುದು, ಮರುಸಂಜೆ ಅಲ್ಲಿಗೇ ಮರಳುವುದು ಅದರ ದಿನಚರಿ. ನೂರು ವರ್ಷಕ್ಕೂ ಮೀರಿದ ಅದರ ಬಾಳಿಕೆಯಲ್ಲಿ ಚಕ್ರದ ಪಾಲಿಗಿಂತ ಆ ಮಗ್ಗುಲಿನ ಪಾಲು ದೊಡ್ಡದು.

ಫ್ಯಾಷನ್ನಿನ ಫುಡ್ ಟ್ರಕ್ಕಿನ ತವರು ಲಾಸ್ ಏಂಜಲೀಸ್. ಮೆಕ್ಸಿಕೊ ಮೂಲದ ಕೂಲಿಗಾರರಿಗೆ ಟಾಕೊ, ಎಂದರೆ ಮೆಕ್ಕೆಜೋಳದ ತೆಳುರೊಟ್ಟಿಯಲ್ಲಿ ಮಾಂಸ ಮಡಿಸಿದ ತಿಂಡಿ, ಮಾರುವ ಗಾಡಿಗಳು ಅಲ್ಲಿ ಬಹಳ ಹಿಂದಿನಿಂದಲೂ ಇವೆ. 1974ರಲ್ಲಿ ರಾವುಲ್ ಮಾರ್ಟಿನೆಜ್ ಒಂದು ಐಸ್‌ಕ್ರೀಮ್ ಗಾಡಿಯನ್ನು ಟಾಕೊ ಗಾಡಿಯಾಗಿ ಬದಲಿಸಿ ಬಾರ್ ಒಂದರ ಮುಂದೆ ನಿಲ್ಲಿಸಿದರು, ಅದರ ಗಳಿಕೆಯಿಂದ ಕೆಲವೇ ತಿಂಗಳಲ್ಲಿ ಕಿಂಗ್ ಟಾಕೊ ಎಂಬ ಹೋಟೆಲನ್ನೂ ತೆರೆದರು. ಇಂಥ ಗಾಡಿಗಳು ಒಂದೇ ಕಡೆ ಗಂಟೆಗಿಂತ ಹೆಚ್ಚು ನಿಂತರೆ ಸಾವಿರ ಡಾಲರ್ ದಂಡ ಅಥವಾ ಸೆರೆವಾಸ ಎಂದು 2008ರಲ್ಲಿ ಲಾಸ್ ಏಂಜಲೀಸ್ ಕೌಂಟಿ ನಿಯಮ ಮಾಡಿದಾಗ ಮೊದಲು ಎದ್ದು ನಿಂತವರು ಮಾಲೀಕರು ಮತ್ತು ಅವರ ಕಾಯಂ ಗಿರಾಕಿಗಳು. ನ್ಯಾಯಾಲಯ ಅದೇ ವರ್ಷ ಆ ನಿಯಮವನ್ನು ರದ್ದುಪಡಿಸಿತು.

ಅದೇ ವರ್ಷದ ನವೆಂಬರಿನಲ್ಲಿ, ಕೆಲಸ ಕಳೆದುಕೊಂಡಿದ್ದ ಬಾಣಸಿಗ ರಾಯ್ ಚೋಯ್ ಗೆಳೆಯರೊಡನೆ ಕೋಗಿ ಎಂಬ ಟ್ರಕ್ಕನ್ನು ಬೀದಿಗಿಳಿಸಿದರು. ಕೊರಿಯಾದ ಮಸಾಲೆಯಲ್ಲಿ ನೆನೆಸಿ ಸುಟ್ಟ ಮಾಂಸವನ್ನು ಮೆಕ್ಸಿಕೊದ ಟಾಕೊಗೆ ತುಂಬಿ ಮಾರಿದ್ದು ಅದರ ಹೊಸತನವಾದರೆ, ಟ್ರಕ್ಕು ಇಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಟ್ವಿಟರಿನಲ್ಲಿ ತಿಳಿಸಿದ್ದು ಅದರ ಜಾಣತನ. ಆರ್ಥಿಕ ಕುಸಿತದಿಂದ ಕಟ್ಟಡದ ಕೆಲಸಗಳು ನಿಂತು, ಕೂಲಿಗಾರರಿಗೆ ಊಟ ಒಯ್ಯುತ್ತಿದ್ದ ಟ್ರಕ್ಕುಗಳು ಕೆಲಸವಿಲ್ಲದೆ ನಿಂತಿದ್ದವು. ಹೋಟೆಲು ತೆರೆಯುವಷ್ಟು ಹಣವಿಲ್ಲದ ಬಾಣಸಿಗರೂ ಊರಲ್ಲಿ ಬೇಕಾದಷ್ಟಿದ್ದರು. 2010ರಲ್ಲಿ ಫುಡ್ ಆಂಡ್ ವೈನ್ ಪತ್ರಿಕೆ ಚೋಯ್ ಅವರನ್ನು ಆ ವರ್ಷದ ಹೊಸ ಶ್ರೇಷ್ಠ ಬಾಣಸಿಗರಲ್ಲಿ ಒಬ್ಬರೆಂದು ಹೆಸರಿಸಿತು. ಅವರಾದರೋ ಅದೇ ವರ್ಷ ನಾಲ್ಕು ಗೋಡೆಗಳ ಹೋಟೆಲನ್ನೂ ತೆರೆದರು. ಟ್ವಿಟರ್ ಅವರಿಗೆ ಕೊಟ್ಟದ್ದು ಅಲೆಯುವ ಸ್ವಾತಂತ್ರ್ಯ ಎಂದು ಆಗ ಬಣ್ಣಿಸಲಾಯಿತು. ವಿಳಾಸವಿಲ್ಲದ ಅಂಗಡಿಗೆ ದಿನಕ್ಕೊಂದು ವಿಳಾಸ ಕೊಟ್ಟಿತು ಎನ್ನುವುದು ಹೆಚ್ಚು ನೆಟ್ಟಗಿನ ಮಾತು.

ಹೋಟೆಲಿಗಿಂತ ಟ್ರಕ್ಕಿನ ಖರ್ಚು ಕಡಿಮೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅಮೆರಿಕದ ಬಹುತೇಕ ನಗರಗಳಲ್ಲಿ ಟ್ರಕ್ಕು ದಿನವೂ ಕಮಿಸರಿಗೆ, ಅಂದರೆ ನೀರು ತುಂಬಿಸಿ ಕೊಳೆನೀರು ಚೆಲ್ಲಿ ದಿನಸಿ ಇಟ್ಟುಕೊಳ್ಳಲು ಪರವಾನಗಿಯಿರುವ ಹಂಚಿಕೆಯ ಅಡುಗೆಮನೆಗೆ, ಮರಳಬೇಕು ಮತ್ತು ಅದಕ್ಕೆ ಬಾಡಿಗೆ ಕಟ್ಟಬೇಕು. ಮಳೆ ಬಂದರೆ ಆ ದಿನದ ವ್ಯಾಪಾರ ನೀರಲ್ಲಿ ಹೋಮ. ಎಂಜಿನ್ ಕೆಟ್ಟರೆ ಅಡುಗೆಮನೆಯೂ ಗ್ಯಾರೇಜ್ ಸೇರುತ್ತದೆ; ಹೋಟೆಲಿನವನಿಗೆ ಇಂಥ ಪೀಡೆಯಿಲ್ಲ. ಇದರ ಮೇಲೆ ಷಿಕಾಗೊದಂಥ ನಗರ, ಹೋಟೆಲಿನ ಬಾಗಿಲಿನಿಂದ 200 ಅಡಿಯೊಳಗೆ ನಿಲ್ಲಬಾರದು, ಒಂದೆಡೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಯಂತ್ರವಿರಲೇಬೇಕು ಎಂದು ವಿಧಿಸಿತು. ಟ್ರಕ್ಕಿನವರು ಹೂಡಿದ ದಾವೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2019ರಲ್ಲಿ ಬಿದ್ದುಹೋಯಿತು. ನೆಲೆಯಾಗಿ ನಿಂತ ಹೋಟೆಲುಗಳು ಬಡಾವಣೆಗೆ ಸ್ಥಿರತೆ ತರುತ್ತವೆ ಎಂಬುದು ನ್ಯಾಯಾಲಯ ಎತ್ತಿಹಿಡಿದ ಕಾರಣಗಳಲ್ಲಿ ಒಂದು. ನಿಲ್ಲಲು ಬಿಡದೆ, ನಿಲ್ಲುವುದಿಲ್ಲ ಎಂದು ದೂರುವ ಈ ತರ್ಕದಲ್ಲಿ ವಿನೋದವಿದೆ.

ಬೆಂಗಳೂರಿಗೆ ಈ ಅಲೆ 2014ರ ಆಸುಪಾಸಿನಲ್ಲಿ ತಲುಪಿ, ಇಂದಿರಾನಗರ, ಕೋರಮಂಗಲಗಳ ಬೀದಿಗಳಲ್ಲಿ ಬರ್ಗರು, ಸುಟ್ಟ ಮಾಂಸ ಮಾರುವ ಬಣ್ಣದ ಟ್ರಕ್ಕುಗಳು ಕಾಣಿಸಿಕೊಂಡವು. ಈ ಬರಹಗಾರನ ಕಚೇರಿಯ ಹಿಂದಿನ ರಸ್ತೆಗೂ ಅಂಥದೊಂದು ಬಂದು, ಸೀಮೆಸುಣ್ಣದಲ್ಲಿ ಬರೆದ ದರಪಟ್ಟಿ ತೂಗುಹಾಕಿ, ಕೆಲವು ತಿಂಗಳು ಜನ ಸೇರಿಸಿತು. ಆಮೇಲೆ ಅದು ಒಮ್ಮೆ ಈ ತಿರುವಿನಲ್ಲಿ, ಒಮ್ಮೆ ಆ ತಿರುವಿನಲ್ಲಿ ನಿಲ್ಲುವಂತಾದಾಗ, ಊಟದ ಬಿಡುವು ಮುಗಿಯುವುದರೊಳಗೆ ಮರಳಬೇಕಾದ ನೌಕರರು ಅದನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಅದೇ ಬರಹಗಾರ ವಿಜಯನಗರದ ಕಡೆ ಬಾಡಿಗೆಗಿದ್ದ ವರ್ಷಗಳಲ್ಲಿ ಬೆಳಗಿನ ತಿಂಡಿಗೆ ನೆಚ್ಚಿದ್ದು ಬಸ್ ನಿಲ್ದಾಣದ ಪಕ್ಕದ ಒಂದು ಟಾಟಾ ಏಸ್ ಗಾಡಿಯನ್ನು. 2005ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಸರಕುವಾಹನ ಕರ್ನಾಟಕದ ತಿಂಡಿ ಗಾಡಿಗಳಿಗೆ ತಳ್ಳುಗಾಡಿಯಿಂದ ಬಡ್ತಿ ಕೊಟ್ಟಿತೆನ್ನಬಹುದು. ಗಾಡಿಯ ಒಂದು ಮಗ್ಗುಲಿನ ತಗಡನ್ನು ಮೇಲೆತ್ತಿ ಕಬ್ಬಿಣದ ಸರಳು ಕೊಟ್ಟರೆ ಅದೇ ಸೂರು. ಹಿಂದಿನ ಚಕ್ರಕ್ಕೆ ಒಂದೊಂದು ಕಲ್ಲು. ಪಲಾವು, ಚಿತ್ರಾನ್ನ ಮನೆಯಲ್ಲೇ ನಸುಕಿನಲ್ಲಿ ಆಗಿ ಬರುತ್ತಿದ್ದವು, ಇಡ್ಲಿ ಮತ್ತು ಪೂರಿ ಮಾತ್ರ ಸ್ಥಳದಲ್ಲಿ. ತಟ್ಟೆ ತೊಳೆಯುವಷ್ಟು ನೀರು ಗಾಡಿಯಲ್ಲಿ ಹಿಡಿಸದ ಕಾರಣ ಸ್ಟೀಲ್ ತಟ್ಟೆಯ ಮೇಲೊಂದು ಹಾಳೆ ಹಾಸಿ ಬಡಿಸಲಾಗುತ್ತಿತ್ತು. ಗಂಡ ಬಡಿಸಿದರೆ ಹೆಂಡತಿ ಪೂರಿ ಲಟ್ಟಿಸುತ್ತಿದ್ದರು. ಆಟೋ ಚಾಲಕರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಪೌರಕಾರ್ಮಿಕರು, ಪಿ.ಜಿ.ಗಳ ಹುಡುಗರು "ಅಣ್ಣಾ, ಸ್ವಲ್ಪ ಚಟ್ನಿ" ಎನ್ನುತ್ತ ಸುತ್ತುವರಿಯುತ್ತಿದ್ದರು. ಹೋಟೆಲುಗಳು ತುಂಬುವ ಹೊತ್ತಿಗೆ ಪಾತ್ರೆಗಳು ಬರಿದಾಗಿ ಗಾಡಿ ಹೊರಟುಬಿಡುತ್ತಿತ್ತು. ಅದಕ್ಕೆ ಹೆಸರಿನ ಫಲಕವಿರಲಿಲ್ಲ, ಯಾರೂ ಅದನ್ನು ಫುಡ್ ಟ್ರಕ್ ಎನ್ನಲೂ ಇಲ್ಲ.

ಇಂಥ ಗಾಡಿಯ ಕಾನೂನು ಸ್ಥಿತಿ ವಿಚಿತ್ರವಾದುದು. ಸಾರಿಗೆ ಕಚೇರಿಗೆ ಅದು ಮೋಟಾರು ವಾಹನ, ಆದ್ದರಿಂದ ಮೈಕಟ್ಟು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಬರುತ್ತದೆ. ಆಹಾರ ಸುರಕ್ಷತೆಯ ಇಲಾಖೆಗೆ ಅದು ಅಡುಗೆಮನೆ. ಸಂಚಾರ ಪೊಲೀಸರಿಗೆ ತಪ್ಪು ಜಾಗದಲ್ಲಿ ನಿಂತ ಗಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ನಡೆಸಿ ವ್ಯಾಪಾರಿಗೆ ಗುರುತಿನ ಚೀಟಿಯನ್ನೂ ಜಾಗವನ್ನೂ ಕೊಡಬೇಕೆಂದು ಹೇಳುವುದಾದರೂ, ಅದರ ಹಿಂದಿರುವ ಚಿತ್ರ ತಳ್ಳುಗಾಡಿಯದು, ನೆಲದ ಮೇಲಿನ ಬುಟ್ಟಿಯದು. ಸರ್ಕಾರಕ್ಕೂ ಚಕ್ರದ ಮೋಹವಿಲ್ಲದಿಲ್ಲ: 2017ರಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದ ಮೇಲೆ ಕಟ್ಟಡಕ್ಕೆ ನಿವೇಶನ ಸಿಗದ ವಾರ್ಡುಗಳಿಗೆ ಸಂಚಾರಿ ಕ್ಯಾಂಟೀನುಗಳನ್ನು ಕಳುಹಿಸಲಾಯಿತು. ಅವು ಹೆಸರಿಗೆ ಸಂಚಾರಿ, ನಿಲ್ಲುವ ಜಾಗ ಗೊತ್ತುಪಡಿಸಿದ್ದು.

ಬಣ್ಣದ ಟ್ರಕ್ಕುಗಳಲ್ಲಿ ಉಳಿದವು ಈಗ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ವಾರಕ್ಕೊಂದು ಸಂಜೆ, ಐಟಿ ಪಾರ್ಕುಗಳ ಒಳಗೆ, ಮುಂಗಡ ಹಣ ಕೊಟ್ಟ ಮದುವೆ ಮನೆಗಳಲ್ಲಿ ಸಿಗುತ್ತವೆ. ಹೆದ್ದಾರಿಗಳ ಬದಿಯಲ್ಲಿ ಇನ್ನೊಂದು ಜಾತಿ ಹುಟ್ಟಿಕೊಂಡಿದೆ: ಟ್ರಕ್ಕಿನ ಆಕಾರಕ್ಕೆ ಬೆಸುಗೆ ಹಾಕಿಸಿದ ತಗಡಿನ ಅಂಗಡಿಗಳು ಸಿಮೆಂಟ್ ಇಟ್ಟಿಗೆಗಳ ಮೇಲೆ ಕುಳಿತು, ಮುಂದೆ ಪ್ಲಾಸ್ಟಿಕ್ ಕುರ್ಚಿ ಹರಡಿಕೊಂಡು, ಮೊಮೊ ಮತ್ತು ಗೋಬಿ ಮಂಚೂರಿ ಮಾರುತ್ತವೆ. ಅವುಗಳಲ್ಲಿ ಎಂಜಿನ್ ಇಲ್ಲ, ನೋಂದಣಿ ಸಂಖ್ಯೆಯೂ ಇಲ್ಲ. ಹೆಡ್‌ಲೈಟ್ ಮಾತ್ರ ಇದೆ, ರಾತ್ರಿ ವ್ಯಾಪಾರದ ಹೊತ್ತಿಗೆ ಹಚ್ಚುತ್ತಾರೆ.