ಮರುಭೂಮಿಯ ಕಾಣದ ಬಿಸಿಲು

ಮೈ ಬೆವತರೆ ಬಿಸಿಲು ಹೆಚ್ಚೆಂದೂ ತಂಗಾಳಿ ಬೀಸಿದರೆ ಕಡಿಮೆಯೆಂದೂ ತೀರ್ಮಾನಿಸುವುದು ಮನುಷ್ಯಸ್ವಭಾವ. ಆದರೆ ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ, ಚರ್ಮಕ್ಕೆ ಬಿಸಿಯಾಗಿ ತೋರದ ಒಂದಂಶವುಂಟು. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿಯು, ಬಣ್ಣಗಳ ಪಟ್ಟಿಯಲ್ಲಿ ನೇರಳೆಯ ಆಚೆ ಏನೂ ಕಾಣದ ಕಡೆಯಲ್ಲಿಯೂ ಬೆಳ್ಳಿಯ ಲವಣವು ಕಪ್ಪಾಗುವುದನ್ನು ಕಂಡು ಇದನ್ನು ಗುರುತಿಸಿದನು. ಇದೇ ಅತಿನೇರಳೆ ಕಿರಣ.

ಜೈಸಲ್ಮೇರಿನ ಕಡೆ ಕೆಲವು ತಿಂಗಳು ಇದ್ದಾಗ ಈ ಕಿರಣಗಳ ವಿಷಯವನ್ನು ನಾನು ಹೆಚ್ಚಾಗಿ ಯೋಚಿಸಿದೆನು. ಥಾರ್ ಮರುಭೂಮಿಯಲ್ಲಿ ವರ್ಷವೆಲ್ಲ ಒಂದೇ ಬಿಸಿಲೆಂದು ಊಹಿಸುವವರುಂಟು, ಹಾಗಲ್ಲ. ಅಲ್ಲಿ ಜೂನ್ ತಿಂಗಳ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನು ಸುಮಾರು 87 ಡಿಗ್ರಿ ಎತ್ತರದಲ್ಲಿ, ಎಂದರೆ ನೆತ್ತಿಯ ಮೇಲೆಯೇ, ಇರುವನು. ಡಿಸೆಂಬರಿನಲ್ಲಿ ಸುಮಾರು 40 ಡಿಗ್ರಿ ಮಾತ್ರ ಏರುವನು. ಓರೆಯಾದ ಕಿರಣವು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಬೇಕಾದ್ದರಿಂದ ಓಜೋನ್ ಅನಿಲವು ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಒಂದೇ ದಿನದಲ್ಲಿಯೂ ಇದೇ ನ್ಯಾಯ. ಬೇಗೆಯು ಅಪರಾಹ್ನ ಮೂರು ನಾಲ್ಕು ಗಂಟೆಗೆ ತುತ್ತತುದಿಗೇರಿದರೆ, ಅತಿನೇರಳೆಯು ಸೂರ್ಯನು ನಡುನೆತ್ತಿಗೆ ಬಂದಾಗಲೇ ಶಿಖರವನ್ನು ಮುಟ್ಟಿ ಇಳಿಯತೊಡಗಿರುತ್ತದೆ.

ಇನ್ನು ಹವೆಯ ಮಾತು. ಮೇ-ಜೂನ್ ತಿಂಗಳುಗಳಲ್ಲಿ ಆ ಸೀಮೆಯಲ್ಲಿ 'ಆಂಧಿ' ಎಂಬ ಧೂಳುಗಾಳಿ ಏಳುತ್ತದೆ. ಉಸಿರಾಡಲೂ ಕಷ್ಟವಾದ ಆ ಧೂಳು ಅತಿನೇರಳೆಯನ್ನು ಹೀರಿ, ಚದುರಿಸಿ, ಒಂದಿಷ್ಟು ತಡೆಯುತ್ತದೆ. ಶ್ರಾವಣದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಗಾಳಿ ತೊಳೆದಂತಾಗುತ್ತದೆ. ಸೂರ್ಯನು ಆಗಲೂ ಎತ್ತರದಲ್ಲಿಯೇ ಇರುವನು. ತಡೆಯುತ್ತಿದ್ದ ಧೂಳು ಮಾತ್ರ ಇಲ್ಲ. ತೆಳುಮೋಡವು ಬೇಗೆಯನ್ನು ತಗ್ಗಿಸಿದರೂ ಈ ಕಿರಣಗಳ ಬಹುಪಾಲನ್ನು ಒಳಗೆ ಬಿಡುತ್ತದೆ. ಚದುರಿದ ಬಿಳಿಯ ಮೋಡಗಳ ಅಂಚುಗಳಿಂದ ಪ್ರತಿಫಲಿಸಿ ಅವು ಕೆಲವು ಕ್ಷಣ ನಿರಭ್ರವಾದ ಆಕಾಶದಲ್ಲಿರುವುದಕ್ಕಿಂತ ಹೆಚ್ಚುವುದೂ ಉಂಟು. ಬೂದಿ ಮುಚ್ಚಿದ ಕೆಂಡವೆಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಮೇಕೆ ಕಾಯುವ ಮುದುಕನೊಬ್ಬನು ನನ್ನೊಡನೆ, "ಜ್ಯೇಷ್ಠದ ಬಿಸಿಲು ನಮಗೆ ವೈರಿ; ಶ್ರಾವಣದ ಬಿಸಿಲು ತಾಯಿ" ಎಂದನು. ಆತನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಪೊರೆಗೆ ಮುಪ್ಪೇ ಮೊದಲಾದ ಕಾರಣಗಳು ಹಲವು. ಬಹುಕಾಲದ ಅತಿನೇರಳೆಯೂ ಅವುಗಳಲ್ಲೊಂದು. ಅಲ್ಲಿಯವರ ದೊಡ್ಡ ಮುಂಡಾಸು, ಮೈತುಂಬ ಬಟ್ಟೆ, ಹೆಂಗಸರ ಓಢಣಿ ಇವೆಲ್ಲ ಒಳ್ಳೆಯ ಕವಚಗಳೇ. ಆದರೆ ಒಣಮರಳು ತನ್ನ ಮೇಲೆ ಬಿದ್ದ ಅತಿನೇರಳೆಯಲ್ಲಿ ನೂರಕ್ಕೆ ಸುಮಾರು 15 ಪಾಲನ್ನು ಮೇಲಕ್ಕೆ ಹಿಂದಿರುಗಿಸುತ್ತದೆ. ಮುಂಡಾಸು ಮೇಲಿನಿಂದ ಬರುವುದನ್ನು ತಡೆದೀತು. ನೆಲದಿಂದ ಕಣ್ಣಿಗೆ ಬರುವುದನ್ನು ತಡೆಯಲಾರದು.

ಮುದುಕನ ಮೊಮ್ಮಗನು ಮೋಡದ ದಿನಗಳಲ್ಲಿ ಬರಿತಲೆಯಲ್ಲಿ ಮೇಕೆಗಳ ಹಿಂದೆ ಓಡುತ್ತಿದ್ದನು. ಅಂಥ ಹುಡುಗನಿಗೆ ಯಂತ್ರವೂ ಬೇಡ, ಲೆಕ್ಕವೂ ಬೇಡ. ನೆರಳೇ ಸಾಕಾದ ಅಳತೆ. ತನ್ನ ನೆರಳು ತನಗಿಂತ ಗಿಡ್ಡವಾಗಿದ್ದರೆ, ಗಾಳಿ ಎಷ್ಟೇ ತಂಪಾಗಿರಲಿ, ಖೇಜಡಿ ಮರದ ಬುಡವನ್ನು ಸೇರಬೇಕು. ತೆಳುಮೋಡವು ನೆರಳನ್ನು ಅಳಿಸಿದ ದಿನ ಹಿಂದಿನ ದಿನ ಅದೇ ಹೊತ್ತಿನ ನೆರಳನ್ನು ನೆನೆಯಬೇಕು. ಇಷ್ಟನ್ನು ಎಳೆಯರಿಗೆ ಕಲಿಸಿದರೆ ಮುಪ್ಪಿನಲ್ಲಿ ಕೆಲವರ ಕಣ್ಣಾದರೂ ಉಳಿದೀತು.