ಇಪ್ಪತ್ತು ಸಾವಿರದ ಅಂತರ

2025ರ ಆಟಿ ತಿಂಗಳು ಕಳೆಯುತ್ತಿದ್ದ ದಿನಗಳು. ಸಸ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾದ ನಮ್ಮ ಮಗಳ ಹಳೆಯ ಫೋನು ಮಳೆನೀರಿಗೆ ಆಹುತಿಯಾಗಿತ್ತು. ಐದಾರು ವರ್ಷ ಬಾಳುವಂಥದು ಬೇಕೆಂದು ಅವಳು ಐಫೋನನ್ನು ನೆಚ್ಚಿದ್ದಳು. ಐಫೋನ್ 16ರ ಬೆಲೆ ಆಗ 79,900 ರೂಪಾಯಿ. ಅದೇ ಫೆಬ್ರವರಿಯಲ್ಲಿ ಪ್ರಕಟವಾಗಿದ್ದ ಅದರ ತಮ್ಮ 16ಇಗೆ 59,900.

ಗಡಿಯೂರಿನ ಕನ್ನಡ ಶಾಲೆಯಲ್ಲಿ ಮೂರು ದಶಕಗಳ ಕಾಲ ಸೀಮೆಸುಣ್ಣದ ತುಂಡುಗಳನ್ನೂ ಎಣಿಸಿ ಬಳಸಿದ ನಮಗೆ ತೀರ್ಪು ಸುಲಭವಾಗಿ ತೋರಿತು. ಎರಡರಲ್ಲಿಯೂ ಎ18 ಎಂಬ ಒಂದೇ ಹೆಸರಿನ ಚಿಪ್, ಪರದೆಯೂ 6.1 ಅಂಗುಲದ್ದೇ. ಬ್ಯಾಟರಿಯಲ್ಲಂತೂ ಅಗ್ಗದ್ದೇ ಮೇಲು: ವಿಡಿಯೊ ನೋಡಲು ಅದಕ್ಕೆ 26 ಗಂಟೆ, ದುಬಾರಿಯದಕ್ಕೆ 22 ಎಂದು ಕಂಪೆನಿಯೇ ಹೇಳಿಕೊಂಡಿತ್ತು. ಬೆನ್ನಿಗೆ ಅಯಸ್ಕಾಂತದಿಂದ ಚಾರ್ಜರು ಅಂಟಿಕೊಳ್ಳುವ ಏರ್ಪಾಡಿಲ್ಲ, ಇಲ್ಲದಿದ್ದರೇನು? ನಮ್ಮ ಉಪಯೋಗಕ್ಕಾದರೆ 16ಇಯೂ ಅತಿಯೇ. ಅದನ್ನೇ ಕೊಳ್ಳೋಣವೆಂದೆವು. ಮಗಳು ಎದುರಾಡಲಿಲ್ಲ. ಆ ಮೌನವನ್ನು ಸಮ್ಮತಿಯೆಂದು ಬಗೆದೆವು. ತರಗತಿಯಲ್ಲಿ ಮಕ್ಕಳ ಮೌನವನ್ನು ಹಾಗೆ ಓದಬಾರದೆಂದು ಶಿಕ್ಷಕರ ತರಬೇತಿಯಲ್ಲಿ ಕಲಿತು, ಕಿರಿಯ ಅಧ್ಯಾಪಕರಿಗೆ ಉಪದೇಶಿಸಿದವರೂ ನಾವೇ!

ಕಾಸರಗೋಡಿನ ಅಂಗಡಿಯಲ್ಲಿ ಎರಡನ್ನೂ ಕೈಗಿತ್ತರು. ಮಗಳು ಚೀಲದಿಂದ ಪುಟ್ಟ ಡಬ್ಬಿಯೊಂದನ್ನು ತೆರೆದಳು. ಒಳಗೆ ನಮ್ಮ ಮುರಕಲ್ಲಿನ ಪದವಿನಲ್ಲಿ ಮಳೆಗಾಲಕ್ಕೆ ಅರಳುವ ನೀಲಿ ಹೂವು, ಮಲೆಯಾಳಿಗಳ ಕಾಕ್ಕಪ್ಪೂವು. ಬೇರೇ ಇಲ್ಲದ ಈ ಗಿಡ ಒದ್ದೆ ಮಣ್ಣಿನಲ್ಲಿ ಸೂಕ್ಷ್ಮ ಚೀಲಗಳನ್ನೊಡ್ಡಿ ಕಣ್ಣಿಗೆ ಕಾಣದಂಥ ಜೀವಿಗಳನ್ನು ಹಿಡಿದುಣ್ಣುತ್ತದೆ. ಹೂವಾದರೋ ಕಿರುಬೆರಳಿನ ಉಗುರಿನಷ್ಟು. 16ಇಯನ್ನು ಹತ್ತಿರ ಒಯ್ದಷ್ಟೂ ಅದು ಮಸುಕಾಯಿತು. ಅದರ ಬೆನ್ನಿಗಿರುವುದು ಒಂದೇ ಕ್ಯಾಮೆರಾ. ಐಫೋನ್ 16ರ ಎರಡನೆಯ ಕ್ಯಾಮೆರಾ ಎರಡು ಸೆಂಟಿಮೀಟರ್ ಸಮೀಪದಿಂದಲೂ ದಳದ ನರಗಳನ್ನು ಬಿಡಿಸಿ ತೋರಿಸಿತು.

"ಅಪ್ಪಾ, ನನ್ನ ಪ್ರಬಂಧವೆಲ್ಲ ಇಷ್ಟೇ ಸಣ್ಣ ಹೂಗಳದ್ದು" ಎಂದಳು.

ಮೊದಲೇ ಹೇಳಬಾರದಿತ್ತೇ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಹೊಸದು ಬಂದರೆ ಇದರ ಬೆಲೆ ಇಳಿದೀತು, ಕಾಯಬಹುದಲ್ಲ ಎಂದರು ಅಂಗಡಿಯವರು. ಅವರ ಮಾತು ನಿಜವಾಯಿತು. ಐಫೋನ್ 17 ಬಂದೊಡನೆ 16ರ ಬೆಲೆ 69,900ಕ್ಕೆ ಇಳಿಯಿತು. ಆದರೆ ಆ ವರ್ಷದ ತಿರುವೋಣಂ ಸೆಪ್ಟೆಂಬರ್ 5ಕ್ಕೇ ಬಿದ್ದಿತ್ತು. ಅಷ್ಟರೊಳಗೆ ಊರಿನ ಮಕ್ಕಳು ಹೂವಿನ ರಂಗೋಲಿಗೆಂದು ಪದವಿನ ನೀಲಿಯನ್ನೆಲ್ಲ ಕೊಯ್ದು ಒಯ್ಯುತ್ತಾರೆ. ನಮ್ಮ ಶಾಲೆಯವರೇ ಮುಂದು.

ಕೊಟ್ಟಿಗೆಯ ಮಾಡಿಗೆಂದು ತೆಗೆದಿರಿಸಿದ್ದ ಇಪ್ಪತ್ತು ಸಾವಿರವನ್ನು ಸೇರಿಸಿ 16ನ್ನೇ ಕೊಂಡೆವು. ಮಾಡಿನ ಮೇಲೆ ಈಗಲೂ ಟರ್ಪಾಲು ಇದೆ. ಮಳೆ ಬಂದಾಗಲೆಲ್ಲ ಮನೆಯಾಕೆ ಒಮ್ಮೆ ಅತ್ತ, ಒಮ್ಮೆ ನಮ್ಮತ್ತ ನೋಡುತ್ತಾಳೆ.